ಸರ್ವರ್ ಇಲ್ಲ ಎನ್ನುವವರು ಬರೆದುಕೊಡಲಿ

ಕರ್ನಾಟಕದಲ್ಲಿ ಯಾವ ಪಕ್ಷದ ಸರ್ಕಾರ ಬಂದರೂ ಬದಲಾಗದ ಮಾತೊಂದಿದೆ: ಜನ ಇನ್ನು ಕಚೇರಿಗೆ ಅಲೆಯಬೇಕಿಲ್ಲ, ಎಲ್ಲವೂ ಆನ್‌ಲೈನ್ ಆಗಿದೆ. ಮಿಕ್ಕೆಲ್ಲದಕ್ಕೂ ತಕರಾರು ತೆಗೆಯುವ ವಿರೋಧ ಪಕ್ಷದವರು ಈ ಮಾತಿಗೆ ಮಾತ್ರ ತಲೆದೂಗುತ್ತಾರೆ. ಹೊಸ ಆ್ಯಪ್ ಬಿಡುಗಡೆಯಾದರೆ ಪತ್ರಿಕೆಗಳಲ್ಲಿ ಫೋಟೊ ಸಮೇತ ಸುದ್ದಿ ಬರುತ್ತದೆ. ಆರು ತಿಂಗಳ ಮೇಲೆ ಅದು ಏನಾಯಿತು ಎಂದು ಹೋಗಿ ನೋಡುವವರು ಅಪರೂಪ. 2023ರಲ್ಲಿ ಜಿ20 ಅಧ್ಯಕ್ಷತೆ ವಹಿಸಿದ್ದಾಗ ಭಾರತ ತನ್ನ ‘ಡಿಜಿಟಲ್ ಸಾರ್ವಜನಿಕ ಮೂಲಸೌಕರ್ಯ’ವನ್ನು ಬಡ ದೇಶಗಳಿಗೆಲ್ಲ ಮಾದರಿ ಎಂದು ಮುಂದಿಟ್ಟಿತು. ಮನೆಯಲ್ಲಿ ಅದು ಹೇಗೆ ನಡೆಯುತ್ತಿದೆ ಎಂಬ ಪ್ರಶ್ನೆ ಅಲ್ಲಿ ಏಳಲಿಲ್ಲ.

ಇದೇ ಮಾತನ್ನು ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಹೋಬಳಿಯಲ್ಲಿ ನಿಂತು ಹೇಳಿ ನೋಡಬೇಕು. ಕೊಟ್ಟೂರಿನಲ್ಲಿ, ಹಗರಿಬೊಮ್ಮನಹಳ್ಳಿಯಲ್ಲಿ, ಹಡಗಲಿಯಲ್ಲಿ, ಹರಪನಹಳ್ಳಿಯಲ್ಲಿ ಹೇಳಿದರೂ ಆದೀತು. ಮುಗಿಲು ನೋಡಿ ಶೇಂಗಾ, ಮೆಕ್ಕೆಜೋಳ ಬಿತ್ತುವ, ಮಳೆ ಕೈಕೊಟ್ಟರೆ ಕಾಫಿ ಎಸ್ಟೇಟಿಗೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗುಳೆ ಹೋಗುವ ಸೀಮೆ ಇದು. ಸರ್ಕಾರ ಆನ್‌ಲೈನ್ ಆದದ್ದರಿಂದ ಇಲ್ಲಿನವರ ಅಲೆದಾಟ ತಪ್ಪಿಲ್ಲ. ಮೊದಲು ಯಾರ ಹತ್ತಿರ ಹೋಗಿ ಜಗಳ ಆಡಬೇಕೆಂದಾದರೂ ಗೊತ್ತಿತ್ತು, ಈಗ ಅದೂ ಇಲ್ಲ. ತಾನು ಮಾಡಬೇಕಾದ ಕೆಲಸವನ್ನು ಸರ್ಕಾರ ಜನರ ತಲೆಗೆ ಕಟ್ಟಿ, ಅದನ್ನೇ ಸಾಮರ್ಥ್ಯ ವೃದ್ಧಿ ಎಂದು ಕರೆದುಕೊಳ್ಳುತ್ತಿದೆ.

ಈ ನಂಬಿಕೆಯ ಮೂಲಪುರುಷ ‘ಭೂಮಿ’ ಯೋಜನೆ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಪಹಣಿ ಕೈಗೆ ಬರತೊಡಗಿತು. ಹಿಂದೆ ನೂರಕ್ಕೆ 66 ಮಂದಿ ಲಂಚ ಕೊಡುತ್ತಿದ್ದರು, ಈಗ 3 ಮಂದಿ ಎಂದು ಆರಂಭದ ಸಮೀಕ್ಷೆಯೊಂದು ಹೇಳಿತು. ಆ ಅಂಕಿ ದೇಶ ವಿದೇಶ ಸುತ್ತಿತು. ಆದರೆ ಅಳೆದದ್ದೇನನ್ನು? ಕಿಂಡಿಯಲ್ಲಿ ಪ್ರತಿ ಪಡೆಯುವುದನ್ನು. ರೈತನ ಗೋಳು ಪ್ರತಿಯಲ್ಲಿ ಮುಗಿಯುವಂಥದ್ದಲ್ಲ. ಅಪ್ಪ ಸತ್ತ ಮೇಲೆ ಮಕ್ಕಳ ಹೆಸರು ಕೂರಿಸುವುದು, ಅಣ್ಣತಮ್ಮಂದಿರ ಪಾಲಿಗೆ ಪೋಡಿ ಮಾಡಿಸುವುದು, ತಪ್ಪಾಗಿ ನಮೂದಾದ ಎಕರೆ ಗುಂಟೆ ತಿದ್ದಿಸುವುದು, ಅವನು ಸೋಲುವುದು ಅಲ್ಲಿ.

ಕಾಲು ಶತಮಾನ ಕಳೆದ ಮೇಲೆ ಪಹಣಿಗೆ ಆಧಾರ್ ಜೋಡಿಸಲು ಹೊರಟ ಕಂದಾಯ ಇಲಾಖೆ ಕಂಡುಕೊಂಡದ್ದು ಏನು? ಲಕ್ಷಗಟ್ಟಲೆ ಪಹಣಿಗಳು ಇನ್ನೂ ಸತ್ತವರ ಹೆಸರಿನಲ್ಲೇ ಇವೆ ಎಂಬುದನ್ನು. ಸತ್ತವರ ಜಾಗದಲ್ಲಿ ವಾರಸುದಾರರ ಹೆಸರು ಕೂರಿಸುವ ಪೌತಿ ಖಾತೆಗೆಂದೇ 2025ರಲ್ಲಿ ಆಂದೋಲನ ಹೂಡಬೇಕಾಯಿತು. ಇಪ್ಪತ್ತೈದು ವರ್ಷ ಆ ವ್ಯವಸ್ಥೆ ಸತ್ತವನ ಹೆಸರನ್ನು ಕ್ಷಣಾರ್ಧದಲ್ಲಿ, ಒಂದು ಅಕ್ಷರವೂ ಮಾಸದಂತೆ, ಕೊನೆಕೊನೆಗೆ ಡಿಜಿಟಲ್ ಸಹಿ ಸಮೇತ ಮುದ್ರಿಸಿ ಕೊಡುತ್ತಲೇ ಇತ್ತು. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಪರಿಹಾರದ ಹಣ ‘ಫ್ರೂಟ್ಸ್’ ತಂತ್ರಾಂಶದಲ್ಲಿ ನೋಂದಣಿಯಾದ ಜಮೀನಿನ ಲೆಕ್ಕದಲ್ಲಿ ಬಂತು. ಪಹಣಿಯಲ್ಲಿ ಅಜ್ಜನ ಹೆಸರಿದ್ದವನ ಹೊಲಕ್ಕೂ ಬರ ಬಂದಿತ್ತು. ಅವನ ಖಾತೆಗೆ ಹಣ ಯಾವ ದಾರಿಯಲ್ಲಿ ಬರಬೇಕಿತ್ತು?

ದಾಖಲೆ ಒಂದೆಡೆ ಕೂಡಿದರೆ ಬಡವನಿಗೆ ಲಾಭ ಎಂಬ ವಾದಕ್ಕೂ ಪೆಟ್ಟು ಬಿದ್ದು ಬಹಳ ದಿನಗಳಾದವು. ಭೂಮಿ ಯೋಜನೆಯಿಂದ ಜಮೀನಿನ ಮಾಹಿತಿ ದೊಡ್ಡ ಕುಳಗಳ ಕೈಗೆ ಸುಲಭವಾಗಿ ಸಿಕ್ಕಿತು, ಸಣ್ಣ ಹಿಡುವಳಿದಾರ ಸ್ಥಳೀಯವಾಗಿ ಹೊಂದಿದ್ದ ಹಿಡಿತ ಸಡಿಲವಾಯಿತು ಎಂದು ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲೇ ಬರೆದರು. ಆ ಅಧ್ಯಯನವನ್ನು ಹೊಗಳುವುದು ಬೇಡ, ಖಂಡಿಸುವ ಶ್ರಮವನ್ನಾದರೂ ಸರ್ಕಾರ ತೆಗೆದುಕೊಳ್ಳಬಹುದಿತ್ತು.

ಇನ್ನು ಮಧ್ಯವರ್ತಿ ಇಲ್ಲವಾದ ಎಂಬ ಹೆಮ್ಮೆ. ಈ ಐದು ಊರುಗಳ ಯಾವುದೇ ತಾಲ್ಲೂಕು ಕಚೇರಿಯ ಎದುರಿಗೆ ಹೋದರೆ ಮಧ್ಯವರ್ತಿ ಎಲ್ಲಿ ಹೋಗಿದ್ದಾನೆಂದು ಕಣ್ಣಿಗೇ ಕಾಣುತ್ತದೆ. ಜೆರಾಕ್ಸ್ ಅಂಗಡಿ, ಅದರ ಪಕ್ಕ ಇನ್ನೊಂದು, ಅದರ ಎದುರು ‘ಎಲ್ಲಾ ಆನ್‌ಲೈನ್ ಅರ್ಜಿ ಹಾಕಲಾಗುವುದು’ ಎಂಬ ಫ್ಲೆಕ್ಸ್. ಬೆಳಿಗ್ಗೆ ಹತ್ತಕ್ಕೆ ಆ ಅಂಗಡಿಯ ಮುಂದೆ ಕುಳಿತ ಹೆಣ್ಣುಮಗಳ ಮಡಿಲಲ್ಲಿ ಪ್ಲಾಸ್ಟಿಕ್ ಕವರು. ಅದರೊಳಗೆ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು, ಎರಡು ಫೋಟೊ. ಅಂಗಡಿಯ ಹುಡುಗ ಕೀಲಿ ಒತ್ತುತ್ತಾ ಕೇಳುತ್ತಾನೆ: “ಯಮ್ಮಾ, ಓಟಿಪಿ ಬಂತೇನು?” ಓಟಿಪಿ ಹೋಗಿರುವುದು ಮಗನ ಫೋನಿಗೆ. ಮಗ ಚಿಕ್ಕಮಗಳೂರಿನ ಎಸ್ಟೇಟಿನಲ್ಲಿದ್ದಾನೆ. ಕಾಫಿ ಗಿಡಗಳ ನಡುವೆ ಸಿಗ್ನಲ್ ಸಿಕ್ಕು, ಅವನು ತಿರುಗಿ ಫೋನ್ ಮಾಡಿ, ಆರು ಅಂಕಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಇನ್ನೊಮ್ಮೆ ಕಳಿಸಿದರೆ ಈ ಕಡೆ ಪುಟವೇ ತೆರೆಯುವುದಿಲ್ಲ. “ಸರ್ವರ್ ಬಿಜಿ ಐತಿ, ಸಂಜಿ ಮುಂದ ಬಾರಮ್ಮ.” ಆಕೆಯ ಆ ದಿನದ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು. ಸರ್ಕಾರದ ಯಾವ ಕಂಪ್ಯೂಟರಿನಲ್ಲೂ ಆಕೆ ಬಂದು ಹೋದ ಗುರುತು ಉಳಿಯಲಿಲ್ಲ. ಅಂಗಡಿಯ ಹುಡುಗನದ್ದೇನೂ ತಪ್ಪಿಲ್ಲ, ಅವನಿಲ್ಲದಿದ್ದರೆ ಆ ಸೀಮೆಯಲ್ಲಿ ಸರ್ಕಾರವೇ ನಡೆಯುವುದಿಲ್ಲ. ಸಂಬಳವಿಲ್ಲದೆ ಸರ್ಕಾರ ನಡೆಸುತ್ತಿರುವವನಿಗೆ ಜನ ತಮ್ಮ ಜೇಬಿನಿಂದ ಕೊಡುತ್ತಿದ್ದಾರೆ. ಇದನ್ನು ಉಚಿತ ಸೇವೆ ಎಂದು ಕರೆಯಲು ಎಷ್ಟು ಧೈರ್ಯ ಬೇಕು?

ಬೆರಳ ತುದಿಯಲ್ಲಿ ಸರ್ಕಾರ ಎನ್ನುವವರು ಶೇಂಗಾ ಕಿತ್ತ, ಕಲ್ಲು ಹೊತ್ತ, ಇಟ್ಟಿಗೆ ಜೋಡಿಸಿದ ಬೆರಳುಗಳನ್ನು ನೋಡಿಲ್ಲವೇನೋ. ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ ಥಂಬ್ ಹಿಡಿಯದಿದ್ದಾಗ ಎಣ್ಣೆ ಸವರಿಕೊಂಡು, ಬಟ್ಟೆಗೆ ಉಜ್ಜಿಕೊಂಡು, ಹತ್ತೂ ಬೆರಳು ಒತ್ತಿ, ಕೊನೆಗೆ ಮೊಮ್ಮಗಳನ್ನು ಶಾಲೆ ಬಿಡಿಸಿ ಕರೆತರುವ ಮುದುಕಿಯರು ಈ ಭಾಗದ ಹಳ್ಳಿಹಳ್ಳಿಯಲ್ಲೂ ಇದ್ದಾರೆ. 2017ರ ಜುಲೈನಲ್ಲಿ ಗೋಕರ್ಣದ ಬಳಿ ಒಂದೇ ಮನೆಯ ಮೂವರು ದಲಿತ ಸಹೋದರರು ತೀರಿಕೊಂಡರು. ಆಧಾರ್ ಜೋಡಣೆಯಾಗದೆ ಆ ಕುಟುಂಬಕ್ಕೆ ರೇಷನ್ ನಿಂತಿತ್ತು, ಅದು ಹಸಿವಿನ ಸಾವು ಎಂದು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಸತ್ಯಶೋಧನಾ ತಂಡ ಹೇಳಿತು. ಅಧಿಕಾರಿಗಳು ಒಪ್ಪಲಿಲ್ಲ. 2024ರ ನವೆಂಬರಿನಲ್ಲಿ ದತ್ತಾಂಶ ತಾಳೆ ನೋಡಿ ಬಿಪಿಎಲ್ ಕಾರ್ಡುಗಳನ್ನು ರದ್ದು ಮಾಡಲಾಯಿತು. ಗುಲ್ಲೆದ್ದ ಮೇಲೆ ಆದಾಯ ತೆರಿಗೆದಾರರು, ಸರ್ಕಾರಿ ನೌಕರರ ಕಾರ್ಡು ಬಿಟ್ಟು ಉಳಿದವನ್ನು ವಾಪಸ್ ಕೊಡುತ್ತೇವೆ ಎಂದರು. ಗೃಹಲಕ್ಷ್ಮಿಯಲ್ಲೂ ಅಷ್ಟೇ. ಜಿಎಸ್‌ಟಿ ಕಟ್ಟುವವಳೆಂದು ಕಂಪ್ಯೂಟರ್ ಹೇಳಿದ್ದರಿಂದ 2,000 ರೂಪಾಯಿ ನಿಂತುಹೋದ ಬಡ ಹೆಂಗಸರು, ಆ ಜಿಎಸ್‌ಟಿ ಎಂದರೇನು ಎಂದು ಕಚೇರಿಯಲ್ಲಿ ಕೇಳಿದ್ದಾರೆ. ರದ್ದು ಮಾಡುವಾಗ ಯಂತ್ರಕ್ಕೆ ಒಂದು ಕ್ಷಣ ಸಾಕು. ಸರಿಪಡಿಸಬೇಕಾದಾಗ ಮಾತ್ರ ಬಡವಳು ಅರ್ಜಿ, ಅಫಿಡವಿಟ್ಟು, ಜೆರಾಕ್ಸು ಹಿಡಿದು ತಿರುಗಬೇಕು. ಆರೋಪ ಹೊರಿಸಿದವನು ಸುಮ್ಮನಿದ್ದು, ಹೊತ್ತವಳೇ ನಿರಪರಾಧಿ ಎಂದು ಸಾಬೀತುಪಡಿಸಬೇಕೆನ್ನುವುದು ಯಾವ ನ್ಯಾಯ?

ಈ ಸೀಮೆಯ ಇನ್ನೊಂದು ಸಂಗತಿಯನ್ನು ನಿಧಾನವಾಗಿ ನೋಡಬೇಕು. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ, ದೇವದಾಸಿ ಪದ್ಧತಿ ದೀರ್ಘಕಾಲ ಬೇರುಬಿಟ್ಟಿದ್ದ ತಾಲ್ಲೂಕುಗಳು. 1993–94 ಮತ್ತು 2007–08ರ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಲೆಕ್ಕಕ್ಕೆ ಸಿಕ್ಕ ಮಾಜಿ ದೇವದಾಸಿಯರು 46,660. ಆ ಪಟ್ಟಿಯಲ್ಲಿ ಹೆಸರಿಲ್ಲದವರು ಎಷ್ಟು ಬಡಕೊಂಡರೂ ಪಿಂಚಣಿ, ಸೌಲಭ್ಯಗಳಿಗೆ ಹೊರಗಿನವರಾಗಿಯೇ ಉಳಿದರು. ಅದು ಒಂದು ಅನ್ಯಾಯ. ಇನ್ನೊಂದು ಅವರ ಮಕ್ಕಳದು. ಶಾಲೆಯ ಅರ್ಜಿ, ಜಾತಿ ಪತ್ರದ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ, ಎಲ್ಲದರಲ್ಲೂ ‘ತಂದೆಯ ಹೆಸರು’ ಎಂಬ ಖಾಲಿ ಜಾಗ. ಕಾಗದದ ಕಾಲದಲ್ಲಿ ಅಲ್ಲೊಂದು ಗೀಟು ಎಳೆದು ಕೊಡಬಹುದಿತ್ತು. ಮನುಷ್ಯತ್ವ ಇದ್ದ ಗುಮಾಸ್ತ ತಾಯಿಯ ಹೆಸರು ಬರೆದು ಮುಂದಕ್ಕೆ ದಾಟಿಸಬಹುದಿತ್ತು. ಅವಮಾನ ಮಾಡುವ ಗುಮಾಸ್ತನೂ ಇದ್ದ, ನಿಜ. ಅವನೊಂದಿಗೆ ಜಗಳ ಆಡಬಹುದಿತ್ತು, ಸಂಘದವರನ್ನು ಕರೆದುಕೊಂಡು ಹೋಗಿ ತಹಶೀಲ್ದಾರರ ಮುಂದೆ ನಿಲ್ಲಿಸಬಹುದಿತ್ತು. ಪರದೆಯ ಮೇಲಿನ ಕಲಂ ಕಡ್ಡಾಯವಾಗಿದ್ದರೆ ಜಗಳಕ್ಕೆ ಯಾರಿದ್ದಾರೆ? ಪಕ್ಕದಲ್ಲಿ ಕೆಂಪು ಚುಕ್ಕಿ ಇಟ್ಟವನು ಎಲ್ಲೋ ಕೂತು ಆ ಕೆಲಸ ಮುಗಿಸಿ ಬೇರೆ ಕಂಪನಿ ಸೇರಿದ್ದಾನೆ. ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗದು. ಏನಾದರೊಂದು ಹೆಸರು ತುಂಬಿದರೆ ಅದೇ ಮುಂದಿನ ಎಲ್ಲ ದಾಖಲೆಗಳಿಗೂ ತಂದೆಯಾಗಿ ಕೂರುತ್ತದೆ. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ದೇವದಾಸಿ ಕಾಯ್ದೆ, ಈ ಮಕ್ಕಳಿಂದ ತಂದೆಯ ಹೆಸರನ್ನು ಬಲವಂತವಾಗಿ ಕೇಳಬಾರದು ಎನ್ನುತ್ತದೆ. ಹೋರಾಡಿ ಪಡೆದ ಕಾಯ್ದೆ ಅದು. ಆದರೆ ರಾಜ್ಯದ, ಕೇಂದ್ರದ, ವಿಶ್ವವಿದ್ಯಾಲಯಗಳ, ಬ್ಯಾಂಕುಗಳ ಅಷ್ಟೂ ಪೋರ್ಟಲ್‌ಗಳಲ್ಲಿ ಆ ಕೆಂಪು ಚುಕ್ಕಿಯನ್ನು ಅಳಿಸುವವರು ಯಾರು? ಕೂಡ್ಲಿಗಿಯ ಯಾವ ಅಧಿಕಾರಿಗೂ ಆ ಅಧಿಕಾರವಿಲ್ಲ. “ಅದು ನಮ್ಮ ಲಾಗಿನ್‌ನಲ್ಲಿ ಬರಲ್ಲ” ಎಂದು ಹೇಳುವ ಅಧಿಕಾರ ಮಾತ್ರ ಎಲ್ಲರಿಗೂ ಇದೆ.

ಹರಪನಹಳ್ಳಿಯದ್ದು ಬೇರೆಯೇ ತಮಾಷೆ. ಬಳ್ಳಾರಿಯಲ್ಲಿದ್ದ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿತು, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಯ ಸೌಲಭ್ಯಕ್ಕಾಗಿ ಹೋರಾಡಿ 2018–19ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಜನ ಮನೆಯ ಹೊಸ್ತಿಲು ದಾಟದೆ ಮೂರು ಜಿಲ್ಲೆ ಕಂಡರು. ಆಧಾರಿನಲ್ಲಿ ಒಂದು ಜಿಲ್ಲೆ, ಅಂಕಪಟ್ಟಿಯಲ್ಲಿ ಇನ್ನೊಂದು, ಹೊಸ ಪ್ರಮಾಣಪತ್ರದಲ್ಲಿ ಮತ್ತೊಂದು ಇದ್ದವರ ದಾಖಲೆ ತಾಳೆಯಾಗದಿದ್ದರೆ ತಪ್ಪು ಯಾರದು? ಜಿಲ್ಲೆ ಬದಲಿಸಿದ್ದು ಸರ್ಕಾರ, ತಿದ್ದುಪಡಿ ಶುಲ್ಕ ಕಟ್ಟಬೇಕಾದವರು ಜನ.

ತಂತ್ರಜ್ಞಾನದಿಂದ ಸರ್ಕಾರದ ಕಸುವು ಹೆಚ್ಚಿದೆಯೇ ಎಂದು ಸರ್ಕಾರದ ಕಾಲಾಳುಗಳನ್ನೇ ಕೇಳಬೇಕು. 2024ರ ಸೆಪ್ಟೆಂಬರಿನಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರಕ್ಕೆ ಕೂತರು. 17ಕ್ಕೂ ಹೆಚ್ಚು ಆ್ಯಪ್‌ಗಳಲ್ಲಿ ಕೆಲಸ ಮಾಡು ಎನ್ನುತ್ತೀರಿ, ಮೊಬೈಲ್ ಇಲ್ಲ, ಲ್ಯಾಪ್‌ಟಾಪ್ ಇಲ್ಲ, ಕೂರಲು ಕಚೇರಿ ಇಲ್ಲ ಎಂಬುದು ಅವರ ದೂರು. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನಲ್ಲಿ ಅಹೋರಾತ್ರಿ ಕೂತ ಆಶಾ ಕಾರ್ಯಕರ್ತೆಯರ ಅಳಲಿನಲ್ಲೂ ಪೋರ್ಟಲ್ ಇತ್ತು: ಮಾಡಿದ ಕೆಲಸ ಅದರಲ್ಲಿ ದಾಖಲಾಗದಿದ್ದರೆ ಪ್ರೋತ್ಸಾಹಧನ ಬರುವುದಿಲ್ಲ. ಬಾಣಂತಿಯನ್ನು ನಡುರಾತ್ರಿ ಆಸ್ಪತ್ರೆಗೆ ಸಾಗಿಸಿದ್ದಕ್ಕೆ ಊರೆಲ್ಲ ಸಾಕ್ಷಿ, ಪೋರ್ಟಲ್ ಒಂದು ಬಿಟ್ಟು.

ಉದ್ಯೋಗ ಖಾತರಿಯ ಹಾಜರಾತಿ ಆ್ಯಪ್‌ನ ಕಥೆಯಂತೂ ನಗೆಪಾಟಲು. ಕೆರೆ ಹೂಳೆತ್ತುವ ಕೂಲಿಕಾರರ ಫೋಟೊವನ್ನು ದಿನಕ್ಕೆ ಎರಡು ಸಲ ಏರಿಸುವುದನ್ನು 2023ರ ಜನವರಿಯಿಂದ ಎಲ್ಲೆಡೆ ಕಡ್ಡಾಯ ಮಾಡಿದರು. ಫೋಟೊ ಏರಲಿಲ್ಲವೇ, ಕೂಲಿ ಹೋಯಿತು. ಕಳ್ಳ ಹಾಜರಾತಿ ತಡೆಯಲು ಬಂದ ಈ ಆ್ಯಪ್‌ನಲ್ಲಿ ಫೋಟೊದ ಫೋಟೊ, ಸಂಬಂಧವೇ ಇಲ್ಲದ ಚಿತ್ರ ಎಲ್ಲ ಏರುತ್ತಿವೆ ಎಂದು 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿತು. ಅದಕ್ಕೆ ಕೊಟ್ಟ ಮದ್ದು? ಪಂಚಾಯತಿಯಿಂದ ರಾಜ್ಯ ಮಟ್ಟದವರೆಗೆ ಮನುಷ್ಯರು ಕೂತು ಆ ಫೋಟೊಗಳನ್ನು ಪರಿಶೀಲಿಸುವುದು. ಮನುಷ್ಯರನ್ನು ನಂಬಲಾಗದೆ ಯಂತ್ರ ತಂದವರು, ಯಂತ್ರ ಕಾಯಲು ಮತ್ತೆ ಮನುಷ್ಯರನ್ನೇ ನೇಮಿಸಿದರು. ಕಳ್ಳರು ಹೊಸ ದಾರಿ ಹುಡುಕಿಕೊಂಡರು, ಸಿಗ್ನಲ್ ಇಲ್ಲದ ಕೆರೆಯಂಗಳದಲ್ಲಿ ಪ್ರಾಮಾಣಿಕವಾಗಿ ಮಣ್ಣು ಹೊತ್ತವರು ಮಾತ್ರ ಕೂಲಿ ಕಳೆದುಕೊಂಡರು.

ರಾಜ್ಯ ಸರ್ಕಾರದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ ಬಿದ್ದಿವೆ. ಆ ಖಾಲಿ ಕುರ್ಚಿಗಳ ಮೇಲೆ ತಂತ್ರಾಂಶ ಕೂರಿಸಿದರೆ ಆಡಳಿತ ನಡೆಯುತ್ತದೆ ಎಂಬ ಭ್ರಮೆಗೆ ಹೆಸರು ಬದಲಾವಣೆಯೇ ಬಂಡವಾಳ. 2006ರಲ್ಲಿ ಹೋಬಳಿ ಮಟ್ಟದಲ್ಲಿ ಖಾಸಗಿ ಸಹಭಾಗಿತ್ವದ ಸುಮಾರು 800 ‘ನೆಮ್ಮದಿ’ ಕೇಂದ್ರಗಳು ಬಂದವು. ಅವು ನೆಮ್ಮದಿ ಕೆಡಿಸಿದ ಮೇಲೆ 2012ರಲ್ಲಿ ‘ಅಟಲ್‌ಜಿ ಜನಸ್ನೇಹಿ ಕೇಂದ್ರ’ವಾದವು. 2016ರಲ್ಲಿ ಪಂಚಾಯತಿಗಳಲ್ಲಿ ‘ಬಾಪೂಜಿ ಸೇವಾ ಕೇಂದ್ರ’, 2018ರಲ್ಲಿ ‘ಸೇವಾ ಸಿಂಧು’, 2022ರಲ್ಲಿ ‘ಗ್ರಾಮ ಒನ್’. ಹಿಂದಿನದು ಯಾಕೆ ಸೋತಿತು ಎಂದು ಬರೆದಿಟ್ಟವರಿಲ್ಲ. ಗ್ರಾಮ ಒನ್ ನಡೆಸುವವರು ಸರ್ಕಾರಿ ನೌಕರರಲ್ಲ, ಕಮಿಷನ್ ಲೆಕ್ಕದ ಖಾಸಗಿಯವರು. ಕಚೇರಿಗಳ ಒಳಗೆ ಕೀಲಿ ಒತ್ತುವವರಲ್ಲಿ ಹೆಚ್ಚಿನವರು ಹೊರಗುತ್ತಿಗೆಯವರು. ಗುತ್ತಿಗೆ ಮುಗಿದ ದಿನ ಅವರು ಕಲಿತ ಕೆಲಸವೂ ಅವರ ಜೊತೆಗೇ ಎದ್ದು ಹೋಗುತ್ತದೆ. ಜಗತ್ತಿಗೇ ತಂತ್ರಾಂಶ ಬರೆದುಕೊಡುವ ಬೆಂಗಳೂರನ್ನು ರಾಜಧಾನಿಯಾಗಿ ಉಳ್ಳ ರಾಜ್ಯಕ್ಕೆ, ಒಂದು ತಾಲ್ಲೂಕಿನಲ್ಲಿ ತಪ್ಪು ತಿದ್ದಬಲ್ಲ ಒಬ್ಬ ಕಾಯಂ ತಂತ್ರಜ್ಞನನ್ನು ಇಟ್ಟುಕೊಳ್ಳಲು ಆಗಿಲ್ಲ.

ಡಿಜಿಟಲ್ ಆಡಳಿತಕ್ಕೆ ಮಾದರಿಯೆಂದು ಸಮಾವೇಶಗಳಲ್ಲಿ ಉದಾಹರಿಸಲು ಎಸ್ಟೋನಿಯಾ ಇದ್ದೇ ಇದೆ. ಆ ದೇಶದ ಒಟ್ಟು ಜನಸಂಖ್ಯೆ 13 ಲಕ್ಷದ ಆಸುಪಾಸು, ಅಂದರೆ ಹೆಚ್ಚೂಕಡಿಮೆ ವಿಜಯನಗರ ಜಿಲ್ಲೆಯಷ್ಟು. ಅಲ್ಲಿ ಅಷ್ಟು ಜನಕ್ಕೆ ಒಂದು ಇಡೀ ಸರ್ಕಾರವಿದೆ, ಇಲ್ಲಿ ಒಬ್ಬ ಜಿಲ್ಲಾಧಿಕಾರಿ. ಹೋಲಿಸುವುದಾದರೆ ಕೀನ್ಯಾದತ್ತ ನೋಡಬೇಕು. ಅಲ್ಲಿ ‘ಹುಡುಮಾ ನಂಬಾ’ ಎಂಬ ಡಿಜಿಟಲ್ ಗುರುತಿನ ಯೋಜನೆಯನ್ನು ನೂಬಿಯನ್ನರಂಥ ಅಂಚಿನ ಸಮುದಾಯಗಳು ಕೋರ್ಟಿಗೆಳೆದವು. ಸರಿಯಾದ ಕಾನೂನು ರಕ್ಷಣೆ ಇಲ್ಲದೆ ಮುಂದುವರಿಯಬೇಡಿ ಎಂದು 2020ರಲ್ಲಿ ಹೈಕೋರ್ಟ್ ತಡೆಯಿತು, 2021ರಲ್ಲಿ ಕಾರ್ಡು ಹಂಚಿಕೆಯೇ ಕಾನೂನುಬಾಹಿರ ಎಂದಿತು. ಅಭಿವೃದ್ಧಿಶೀಲ ದೇಶಗಳ ಇ-ಆಡಳಿತ ಯೋಜನೆಗಳಲ್ಲಿ ನೂರಕ್ಕೆ 35 ಪೂರ್ತಿ ವಿಫಲ, 50 ಅರೆವಿಫಲ, 15 ಮಾತ್ರ ಸಫಲ ಎಂದು ಮ್ಯಾಂಚೆಸ್ಟರಿನ ರಿಚರ್ಡ್ ಹೀಕ್ಸ್ 2003ರಲ್ಲೇ ಅಂದಾಜಿಸಿದ್ದರು. ಆಮೇಲೆ ಸುಧಾರಿಸಿರಬಹುದು ಎನ್ನುವವರು ಸೋತ ಯೋಜನೆಗಳ ಪಟ್ಟಿಯನ್ನು ಬಹಿರಂಗಪಡಿಸಿ ಮಾತನಾಡಲಿ.

ಹಾಗಾದರೆ ಶಾನುಭೋಗರ ಕಾಲಕ್ಕೆ ಮರಳಬೇಕೇ ಎಂಬ ಸವಾಲು ಇಲ್ಲಿ ಬರುತ್ತದೆ. ಪ್ರಶ್ನೆ ಕೇಳಿದವರ ಬಾಯಿ ಮುಚ್ಚಿಸಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಕಂಪ್ಯೂಟರ್ ಬೇಡವೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. 2025ರ ಮೇ 20ರಂದು ಹೊಸಪೇಟೆಯ ಸಮಾವೇಶದಲ್ಲಿ ತಾಂಡಾ, ಹಟ್ಟಿಗಳ ನಿವಾಸಿಗಳಿಗೆ 1,11,111 ಡಿಜಿಟಲ್ ಹಕ್ಕುಪತ್ರಗಳನ್ನು ಸರ್ಕಾರ ಹಂಚಿತು. ಅಂಥ ಹಕ್ಕುಪತ್ರದ ಹಿಂದೆ ತಾಂಡಾಗಳಿಗೆ ಹೋಗಿ, ಮನೆ ಗುರುತಿಸಿ, ಜಾಗ ಅಳೆದು, ಹೆಸರು ಕೇಳಿ ಬರೆದುಕೊಂಡ ನೌಕರರಿದ್ದಾರೆ. ಕಂಪ್ಯೂಟರಿಗೆ ಕೆಲಸ ಸಿಕ್ಕಿದ್ದು ಅವರು ನಡೆದ ಮೇಲೆ. ಯಶಸ್ಸಿನ ಜಾಹೀರಾತಿನಲ್ಲಿ ‘ಡಿಜಿಟಲ್’ ಎಂಬುದು ದಪ್ಪಕ್ಷರದಲ್ಲಿ ಬಂತು, ನಡೆದವರ ಸುದ್ದಿ ಬರಲಿಲ್ಲ. ಜನರಿಗೆ ಡಿಜಿಟಲ್ ಸಾಕ್ಷರತೆ ಕಲಿಸಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಇನ್ನೊಂದು ಉಡಾಫೆ. ಎಸ್ಟೇಟಿನಲ್ಲಿ ಸಿಗ್ನಲ್ ಇಲ್ಲದ್ದು, ಬೆರಳು ಸವೆದದ್ದು, ಬೆಂಗಳೂರಿನಲ್ಲಿ ಸರ್ವರ್ ಮಲಗಿದ್ದು ಯಾವ ಸಾಕ್ಷರತೆಯಿಂದ ಸರಿಹೋಗುತ್ತದೆ? 2025ರ ಆರಂಭದಲ್ಲಿ ನೋಂದಣಿ ಇಲಾಖೆಯ ‘ಕಾವೇರಿ 2.0’ ಕುಸಿದಾಗ ಸಚಿವರು ಉತ್ತರಿಸಿದರು, ಸೈಬರ್ ದಾಳಿಯೆಂದು ಪೊಲೀಸ್ ದೂರು ದಾಖಲಾಯಿತು. ಅಲ್ಲಿ ನಿಂತದ್ದು ನಿವೇಶನಗಳ ವ್ಯವಹಾರ. ಹೋಬಳಿಯಲ್ಲಿ ವಿಧವಾ ವೇತನದ ಅರ್ಜಿ ನಿಂತರೆ ಯಾವ ಠಾಣೆಯಲ್ಲಿ ದೂರು ದಾಖಲಾಗುತ್ತದೆ?

ಕಾನೂನಿನಲ್ಲೇ ಒಂದು ಕಳ್ಳಕಿಂಡಿ ಇದೆ, ಮೊದಲು ಅದನ್ನು ಮುಚ್ಚಬೇಕು. 2012ರ ಏಪ್ರಿಲ್ 2ರಂದು ಜಾರಿಗೆ ಬಂದ ‘ಸಕಾಲ’ದ ಪ್ರಕಾರ ಸೇವೆ ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ದಿನಗಳ ಎಣಿಕೆ ಶುರುವಾಗುವುದು ಅರ್ಜಿ ಸ್ವೀಕೃತವಾಗಿ ಸಂಖ್ಯೆ ಹುಟ್ಟಿದ ಮೇಲೆ. ಸರ್ವರ್ ಇಲ್ಲದೆ ಅರ್ಜಿಯೇ ಸ್ವೀಕಾರವಾಗದಿದ್ದರೆ? ಎಣಿಕೆಯೇ ಇಲ್ಲ, ಹಾಗಾಗಿ ವಿಳಂಬವೂ ಇಲ್ಲ. ನಾಲ್ಕು ಸಲ ವಾಪಸಾಗಿ ಐದನೇ ಸಲ ಅರ್ಜಿ ಹಾಕಿದವಳ ಕೆಲಸವೂ ದಾಖಲೆಯಲ್ಲಿ ‘ಸಕಾಲದಲ್ಲಿ ವಿಲೇವಾರಿ’.

ಆದ್ದರಿಂದ ಸರ್ವರ್ ಇಲ್ಲ ಎನ್ನುವ ಪ್ರತಿ ಕಚೇರಿಯೂ ದಿನಾಂಕ, ಗಂಟೆ, ಹೇಳಿದವರ ಹೆಸರು ಸಮೇತ ಹಿಂಬರಹ ಕೊಡಬೇಕು, ಸಕಾಲದ ಗಡಿಯಾರ ಆ ಗಳಿಗೆಯಿಂದಲೇ ಓಡಬೇಕು. ಕೈಬರಹದ ಅರ್ಜಿಯನ್ನು ಯಾವ ಕಚೇರಿಯೂ ನಿರಾಕರಿಸಬಾರದು. ಅದನ್ನು ಕಂಪ್ಯೂಟರಿಗೆ ಏರಿಸುವುದು ಸಂಬಳ ಪಡೆಯುವವರ ಕೆಲಸ. ಹೆಸರು, ಜಿಲ್ಲೆ, ಎಕರೆ, ತಂದೆಯ ಹೆಸರಿನ ಕಲಂ ತಿದ್ದುವ ಅಧಿಕಾರ ಹೋಬಳಿಗೆ ಇಳಿಯಲಿ, ತಿದ್ದಿದವರ ಹೆಸರು ಗ್ರಾಮಸಭೆಯಲ್ಲಿ ಓದಿಸಲಿ. ಕಂಪ್ಯೂಟರ್ ಅನುಮಾನಿಸಿದ ಮಾತ್ರಕ್ಕೆ ರೇಷನ್, ಪಿಂಚಣಿ, ಗೃಹಲಕ್ಷ್ಮಿ ನಿಲ್ಲಿಸುವುದು ಶಿಕ್ಷಾರ್ಹವಾಗಲಿ. ನೋಟಿಸು ಕೊಟ್ಟು, ಮನೆಗೆ ಬಂದು ನೋಡಿ, ಆಮೇಲೆ ಮಾತು. ಕಲ್ಯಾಣ ಕರ್ನಾಟಕಕ್ಕೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಿಸುವ ಸರ್ಕಾರ, ಈ ಭಾಗದ ಪ್ರತಿ ತಾಲ್ಲೂಕಿನಲ್ಲಿ 371ಜೆ ಅಡಿ ಕಾಯಂ ತಂತ್ರಜ್ಞರ ಹುದ್ದೆ ಸೃಷ್ಟಿಸಲಿ. ಬಳ್ಳಾರಿ, ಹೊಸಪೇಟೆ, ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ಮಕ್ಕಳು ಈ ಊರುಗಳಲ್ಲೇ ಇದ್ದಾರೆ.

ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಶಾಸಕರು ಮುಂದಿನ ಅಧಿವೇಶನದಲ್ಲಿ ಒಂದೇ ಪ್ರಶ್ನೆ ಕೇಳಲಿ: ನಮ್ಮ ಕ್ಷೇತ್ರದ ನಾಡಕಚೇರಿಗಳಲ್ಲಿ ಕಳೆದ ವರ್ಷ ಸರ್ವರ್ ಎಷ್ಟು ಗಂಟೆ ಇರಲಿಲ್ಲ, ಎಷ್ಟು ಮಂದಿ ಅರ್ಜಿ ಹಾಕಲಾಗದೆ ತಿರುಗಿ ಹೋದರು? ಅಂಕಿ ಸಮೇತ ಉತ್ತರ ಸದನದ ಮೇಜಿಗೆ ಬರುವವರೆಗೆ ಹೊಸ ಆ್ಯಪ್ ಒಂದಕ್ಕೂ ಬಜೆಟಿನಲ್ಲಿ ಒಂದು ರೂಪಾಯಿಯನ್ನೂ ಅವರು ಒಪ್ಪಬಾರದು.